ಚೀನಾದ ಹೈಸ್ಕೂಲ್ ಮಕ್ಕಳು ಇಂಗ್ಲಿಷ್ ಓದಿ ಅರ್ಥ ಮಾಡ್ಕೊಂಡ್ರಾ ಇಲ್ವಾ? ಟೆಸ್ಟ್ ಮಾಡೋರಿಗೆ ಒಂದು ಗೈಡ್

ಚೀನಾದ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡ್ತಿರೋ ಕನ್ನಡದ ಮೇಷ್ಟ್ರು ಮೇಡಂಗಳಿಗೆ, ಹೋಗೋಕೆ ರೆಡಿ ಆಗ್ತಿರೋರಿಗೆ, ಆಮೇಲೆ ಇಲ್ಲೇ ಕೂತು ಇಂಗ್ಲಿಷ್ ಕಲಿಕೆ ಬಗ್ಗೆ ಥೀಸಿಸ್ ಮಾಡ್ತಾ ಚೀನಾದ ಮಕ್ಕಳ ಡೇಟಾ ಬೇಕು ಅಂತಿರೋರಿಗೆ ಇದನ್ನ ಬರೀತಿದೀನಿ. ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಅಲ್ಲಿನ ಹುಡುಗ್ರು ಪರೀಕ್ಷೆ ಬರೆಯೋದ್ರಲ್ಲಿ ಸಿಕ್ಕಾಪಟ್ಟೆ ಪಳಗಿದೋರು. ನೀವು ಒಂದು ಪ್ಯಾಸೇಜ್ ಕೊಟ್ಟು ಕೆಳಗೆ ನಾಲ್ಕು ಪ್ರಶ್ನೆ ಬರೆದು ಇದೇ ರೀಡಿಂಗ್ ಟೆಸ್ಟ್ ಅಂದ್ರೆ, ಅವ್ರು ಪ್ಯಾಸೇಜ್ ಅರ್ಧಂಬರ್ಧ ನೋಡಿ ಆಪ್ಷನ್‌ಗಳ ಮುಖ ನೋಡೇ ಮುಕ್ಕಾಲು ಮಾರ್ಕ್ಸ್ ಎತ್ಕೊಂಡು ಹೋಗ್ತಾರೆ, ನೀವು ಆಹಾ ಎಷ್ಟು ಚೆನ್ನಾಗಿ ಓದ್ತಾರೆ ಅಂತ ರಿಪೋರ್ಟ್ ಬರೀತೀರ. ಹಂಗಾಗಿ ಓದದೇ ಇರೋ ಮಗುಗೆ ಮಾರ್ಕ್ಸ್ ಸಿಗದಂಗೆ ಪೇಪರ್ ಮಾಡೋದೇ ಇಲ್ಲಿ ದೊಡ್ಡ ಕೆಲಸ, ಮಿಕ್ಕಿದ್ದೆಲ್ಲ ಸುಲಭ.

1. ಮೊದ್ಲು ಗಾವ್‌ಕಾವ್ ಪೇಪರ್ ತಿಳ್ಕೊಳ್ಳಿ

ಗಾವ್‌ಕಾವ್ ಅಂದ್ರೆ ಅಲ್ಲಿನ ಕಾಲೇಜ್ ಪ್ರವೇಶ ಪರೀಕ್ಷೆ, ಪ್ರತಿ ವರ್ಷ ಜೂನ್ 7ಕ್ಕೆ ಶುರು. 2024ರಲ್ಲಿ 1 ಕೋಟಿ 34 ಲಕ್ಷಕ್ಕೂ ಹೆಚ್ಚು ಜನ ರಿಜಿಸ್ಟರ್ ಮಾಡ್ಸಿದ್ರು. ಹೈಸ್ಕೂಲ್ ಅಂತ ನಾನಿಲ್ಲಿ ಹೇಳ್ತಿರೋದು ಅವರ ಮೂರು ವರ್ಷದ ಸೀನಿಯರ್ ಹೈಸ್ಕೂಲ್, ಮೊದಲ್ನೇ, ಎರಡ್ನೇ, ಮೂರ್ನೇ ವರ್ಷಕ್ಕೆ ಗಾವ್‌ಯೀ, ಗಾವ್‌ಅರ್, ಗಾವ್‌ಸಾನ್ ಅಂತ ಕರೀತಾರೆ, ಹದಿನೈದರಿಂದ ಹದಿನೆಂಟರ ಮಕ್ಕಳು, ನಮ್ಮ ಹತ್ತನೇ ಕ್ಲಾಸು ಮತ್ತು ಪಿಯುಸಿ ವಯಸ್ಸು ಅಂದ್ಕೊಳ್ಳಿ.

ಒಟ್ಟು 750 ಮಾರ್ಕ್ಸಲ್ಲಿ ಇಂಗ್ಲಿಷ್‌ಗೆ 150, ಟೈಮ್ 120 ನಿಮಿಷ. ಈಗ ಬಹುತೇಕ ಪ್ರಾಂತ್ಯಗಳಲ್ಲಿ ನಡೆಯೋ ರಾಷ್ಟ್ರೀಯ ಪೇಪರಲ್ಲಿ ಕೇಳಿಸ್ಕೊಂಡು ಬರೆಯೋದಕ್ಕೆ 30, ಓದೋದಕ್ಕೆ 50, ಬಿಟ್ಟ ಪದ ಮತ್ತು ಗ್ರಾಮರ್ ತುಂಬೋದಕ್ಕೆ 30, ಬರವಣಿಗೆಗೆ 40. ಓದೋ 50ರಲ್ಲಿ ನಾಲ್ಕು ಪ್ಯಾಸೇಜ್, ಹದಿನೈದು ಪ್ರಶ್ನೆ, ತಲಾ ಎರಡೂವರೆ ಮಾರ್ಕ್ಸ್, ಅಂದ್ರೆ 37.5. ಉಳಿದ 12.5 ಯಾವ್ದಕ್ಕೆ ಅಂದ್ರೆ ಒಂದು ಪ್ಯಾಸೇಜಲ್ಲಿ ಐದು ವಾಕ್ಯ ತೆಗೆದು ಖಾಲಿ ಬಿಟ್ಟಿರ್ತಾರೆ, ಕೆಳಗೆ ಏಳು ವಾಕ್ಯ ಕೊಟ್ಟಿರ್ತಾರೆ, ಸರಿಯಾದ ಐದು ಆರಿಸಿ ಕೂರಿಸ್ಬೇಕು. ಇದಕ್ಕೆ ಅಲ್ಲಿ ಹೆಸರೇ ಏಳರಲ್ಲಿ ಐದು ಅಂತ.

ನಾಲ್ಕು ಪ್ಯಾಸೇಜಲ್ಲಿ ಮೊದಲ್ನೇದು ಸಾಮಾನ್ಯವಾಗಿ ಮ್ಯೂಸಿಯಂ ಟೈಮಿಂಗು, ಕ್ಯಾಂಪ್ ಜಾಹೀರಾತು, ಟಿಕೆಟ್ ರೇಟು ಈ ಥರದ್ದು, ಎರಡ್ನೇದು ಯಾರದೋ ಅನುಭವದ ಕಥೆ, ಮೂರು ನಾಲ್ಕನೇದು ವಿಜ್ಞಾನ ಸಮಾಜ ಇಂಥ ವಿವರಣೆ ಲೇಖನ. ಪಾಠದ ಪುಸ್ತಕದಿಂದ ಒಂದು ಸಾಲೂ ಬರಲ್ಲ! ನಮ್ಮ ಸೆಕೆಂಡ್ ಪಿಯು ಇಂಗ್ಲಿಷ್ ಪೇಪರ್ ನೋಡಿ ಅಭ್ಯಾಸ ಆಗಿರೋರಿಗೆ ಇದು ದೊಡ್ಡ ವ್ಯತ್ಯಾಸ, ನಮ್ಮಲ್ಲಿ ಕ್ಲಾಸಲ್ಲಿ ಓದಿದ ಪಾಠ ಪದ್ಯದ ಮೇಲೇನೇ ಬಹಳಷ್ಟು ಮಾರ್ಕ್ಸ್, ನೋಟ್ಸ್ ಬಾಯಿಪಾಠ ಮಾಡಿದೋನೂ ದಡ ಸೇರ್ತಾನೆ. ಅಲ್ಲಿ ಬಾಯಿಪಾಠ ಮಾಡೋಕೆ ಪ್ಯಾಸೇಜೇ ಇಲ್ಲ, ಅದಕ್ಕೇ ಅವ್ರು ಟ್ರಿಕ್ ಬಾಯಿಪಾಠ ಮಾಡ್ತಾರೆ.

ಆ ಟ್ರಿಕ್ ಯಾವ್ಯಾವು ಅಂತ ಗೊತ್ತಿರ್ಲೇಬೇಕು. ಮೂರು ಆಪ್ಷನ್ ಉದ್ದ ಒಂದು ಗಿಡ್ಡ ಇದ್ರೆ ಗಿಡ್ಡದ್ದು ಹಾಕು, ಮೂರು ಗಿಡ್ಡ ಒಂದು ಉದ್ದ ಇದ್ರೆ ಉದ್ದದ್ದು ಹಾಕು ಅಂತ ಪ್ರಾಸ ಕಟ್ಟಿ ಹೇಳ್ಕೊಳೋದು ಎಲ್ಲಾ ಸ್ಕೂಲಲ್ಲೂ ಇದೆ, ತಮಾಷೆಗೆ ಹೇಳ್ತಾರೆ ಆದ್ರೆ ಟೈಮ್ ಮುಗೀತಾ ಬಂದಾಗ ಸೀರಿಯಸ್ಸಾಗೇ ಹಾಕ್ತಾರೆ. ಓನ್ಲಿ, ನೆವರ್, ಆಲ್ ಅಂತ ಖಡಾಖಂಡಿತ ಹೇಳೋ ಆಪ್ಷನ್ ತಪ್ಪು. ಪ್ಯಾಸೇಜಿನ ಪದಗಳನ್ನ ಹಂಗಂಗೇ ಎತ್ಕೊಂಡು ಬಂದಿರೋ ಆಪ್ಷನ್ ಮೇಲೆ ಡೌಟ್ ಪಡು, ಬೇರೆ ಪದದಲ್ಲಿ ಅದನ್ನೇ ಹೇಳಿರೋದು ಸರಿ. ಪ್ರಶ್ನೆಗಳು ಪ್ಯಾಸೇಜಿನ ಆರ್ಡರ್‌ನಲ್ಲೇ ಬರ್ತವೆ, ಸೋ ಎರಡನೇ ಪ್ರಶ್ನೆ ಉತ್ತರ ಎರಡನೇ ಪ್ಯಾರಾ ಹತ್ರ ಹುಡುಕು. ಕೊನೇದು, ಯಾವ ಆಪ್ಷನ್ ಒಳ್ಳೇ ಮಾತಾಡುತ್ತೋ, ಪರಿಸರ ಉಳಿಸು, ಪ್ರಯತ್ನ ಬಿಡ್ಬೇಡ ಅನ್ನತ್ತೋ ಅದನ್ನ ಹಾಕು. ಈ ಕೊನೇ ಟ್ರಿಕ್ ಎಷ್ಟು ಸಲ ಕೆಲಸ ಮಾಡತ್ತೆ ಅಂದ್ರೆ ಪೇಪರ್ ಮಾಡೋರಿಗೇ ನಾಚಿಕೆ ಆಗ್ಬೇಕು.

2. ಏನು ಅಳೀಬೇಕು ಅಂತ ಒಂದು ಸಾಲಲ್ಲಿ ಬರ್ಕೊಳ್ಳಿ

ಓದಿನ ಸಾಮರ್ಥ್ಯ ಅಂದ್ಬಿಟ್ರೆ ಸಾಕಾಗಲ್ಲ. ಗಾವ್‌ಅರ್ ಮಕ್ಕಳು ಮುನ್ನೂರು ಪದದ ವಿವರಣೆ ಲೇಖನ ಓದಿ, ಬರೆದಿರೋದನ್ನೂ ಬರೀದೇ ಬಿಟ್ಟಿದ್ದನ್ನೂ ಹಿಡೀತಾರಾ, ಅಂತ ಇಷ್ಟು ಸ್ಪಷ್ಟವಾಗಿರ್ಬೇಕು. ನೀವು ಪದಸಂಪತ್ತು ಅಳೀತಿದೀರಾ, ಗ್ರಾಮರ್ ಅಳೀತಿದೀರಾ, ಸ್ಪೀಡ್ ಅಳೀತಿದೀರಾ, ಅರ್ಥ ಅಳೀತಿದೀರಾ, ನಾಲ್ಕನ್ನೂ ಒಂದೇ ಪೇಪರಲ್ಲಿ ತುರುಕಿದ್ರೆ ಕೊನೇಲಿ ಮಾರ್ಕ್ಸ್ ಕಮ್ಮಿ ಬಂದಿದ್ದು ಯಾತಕ್ಕೆ ಅಂತ ನಿಮಗೇ ಗೊತ್ತಾಗಲ್ಲ.

ಇಲ್ಲಿ ಒಂದು ವಿಷಯ ತಲೇಲಿಟ್ಕೊಳ್ಳಿ. ಪೀಸಾ ಅಂತ ಹದಿನೈದು ವರ್ಷದ ಮಕ್ಕಳಿಗೆ ಬೇರೆಬೇರೆ ದೇಶಗಳಲ್ಲಿ ನಡೆಸೋ ಒಂದು ಪರೀಕ್ಷೆ ಇದೆ, 2018ರ ಪೀಸಾದಲ್ಲಿ ಬೀಜಿಂಗ್, ಶಾಂಘೈ, ಜಿಯಾಂಗ್ಸು, ಝೆಜಿಯಾಂಗ್ ನಾಲ್ಕೂ ಸೇರಿ ಓದಿನಲ್ಲಿ 555 ಅಂಕ ತಗೊಂಡು ಪ್ರಪಂಚಕ್ಕೇ ಫಸ್ಟ್ ಬಂದಿದ್ವು. ಅದು ಚೀನೀ ಭಾಷೇಲಿ ಓದಿದ್ದು, ಆಮೇಲೆ ಇಡೀ ಚೀನಾ ಅಲ್ಲ, ಮುಂದುವರೆದ ನಾಲ್ಕು ಕಡೆ ಮಾತ್ರ. ಆದ್ರೂ ಇದರಿಂದ ಒಂದು ಗೊತ್ತಾಗತ್ತೆ, ಇಂಗ್ಲಿಷ್ ಪ್ಯಾಸೇಜಲ್ಲಿ ಸೋತ ಹುಡುಗನಿಗೆ ಓದೋಕೇ ಬರಲ್ಲ ಅಂತ ತೀರ್ಮಾನ ಮಾಡೋ ಹಾಗಿಲ್ಲ. ಅದಕ್ಕೇ ಸಾಧ್ಯ ಆದ್ರೆ ಅದೇ ಮಟ್ಟದ ಒಂದು ಚೀನೀ ಪ್ಯಾಸೇಜನ್ನೂ ಬೇರೆ ದಿನ ಕೊಡಿ. ಅಲ್ಲೂ ಸೋತ್ರೆ ಸಮಸ್ಯೆ ಓದಿಂದು, ಅಲ್ಲಿ ಗೆದ್ದು ಇಲ್ಲಿ ಸೋತ್ರೆ ಸಮಸ್ಯೆ ಇಂಗ್ಲಿಷಿಂದು. ತುಂಬಾ ಥೀಸಿಸ್‌ಗಳಲ್ಲಿ ಈ ಒಂದು ಕೆಲಸ ಮಾಡಿರಲ್ಲ, ಮಾಡಿದ್ರೆ ಅರ್ಧ ವಾದ ಅಲ್ಲೇ ಮುಗೀತಿತ್ತು.

ಮಟ್ಟ ಗೊತ್ತಾಗ್ಬೇಕು ಅಂದ್ರೆ ಎರಡು ಡಾಕ್ಯುಮೆಂಟ್ ಇದಾವೆ. ಒಂದು ಹೈಸ್ಕೂಲ್ ಇಂಗ್ಲಿಷ್ ಪಠ್ಯಕ್ರಮದ ಮಾನದಂಡ, 2017ರ ಆವೃತ್ತಿ, 2020ರಲ್ಲಿ ತಿದ್ದಿದ್ದು. ಇನ್ನೊಂದು 2018ರಲ್ಲಿ ಬಂದ ಚೀನಾದ್ದೇ ಇಂಗ್ಲಿಷ್ ಮಟ್ಟಗಳ ಪಟ್ಟಿ, ಅದರಲ್ಲಿ ಒಂಬತ್ತು ಲೆವೆಲ್, ಹೈಸ್ಕೂಲ್ ಮಕ್ಕಳನ್ನ ಹೆಚ್ಚುಕಮ್ಮಿ ನಾಲ್ಕನೇ ಲೆವೆಲ್‌ಗೆ ಹೋಲಿಸ್ತಾರೆ. ಯುರೋಪಿನ ಲೆವೆಲ್ ಪಟ್ಟಿ ಹಿಡ್ಕೊಂಡು ಹೋಗಿ ಅಲ್ಲಿನ ಮೇಷ್ಟ್ರ ಮುಂದೆ ಮಾತಾಡೋದಕ್ಕಿಂತ ಇದನ್ನ ಓದ್ಕೊಂಡು ಹೋಗೋದು ಎಷ್ಟೋ ವಾಸಿ.

3. ಪ್ಯಾಸೇಜ್ ಆರಿಸೋದು

ಒಂದು ಪ್ಯಾಸೇಜ್ 250ರಿಂದ 350 ಪದ ಇರ್ಲಿ. ಪದಗಳ ಲೆಕ್ಕಕ್ಕೆ ಒಂದು ಹಳೇ ಅಳತೆ ಇದೆ, ಯಾರ ಸಹಾಯನೂ ಇಲ್ದೆ ಆರಾಮಾಗಿ ಅರ್ಥ ಆಗ್ಬೇಕು ಅಂದ್ರೆ ನೂರಕ್ಕೆ 98 ಪದ ಗೊತ್ತಿರ್ಬೇಕು ಅಂತ. ಮುನ್ನೂರು ಪದದ ಪ್ಯಾಸೇಜಲ್ಲಿ ಗೊತ್ತಿಲ್ದೇ ಇರೋದು ಆರು ದಾಟ್ಬಾರ್ದು. ಚೀನಾದ ಮಕ್ಕಳ ಬಾಯಲ್ಲಿ ಯಾವಾಗ್ಲೂ 3500 ಪದ, 3500 ಪದ ಅಂತ ಇರತ್ತೆ, ಗಾವ್‌ಕಾವ್‌ಗೆ ಬಾಯಿಪಾಠ ಮಾಡೋ ಪಟ್ಟಿ ಅದು. ನಿಮ್ಮ ಪ್ಯಾಸೇಜಿನ ಪದಗಳನ್ನ ಆ ಕ್ಲಾಸಿನ ಪುಸ್ತಕದ ಹಿಂದಿರೋ ಪಟ್ಟಿ ಜೊತೆ ಇಟ್ಟು ಒಂದ್ಸಲ ಟಿಕ್ ಹಾಕಿ. ಪಟ್ಟಿ ಹೊರಗಿನ ಪದ ಬಂದು, ಅದಿಲ್ದೆ ಕಥೆ ನಿಲ್ಲಲ್ಲ ಅಂದ್ರೆ ಗಾವ್‌ಕಾವ್‌ನಲ್ಲಿ ಮಾಡೋ ಥರನೇ ಪಕ್ಕದಲ್ಲಿ ಚೀನೀ ಅರ್ಥ ಹಾಕ್ಬಿಡಿ. ಇದು ಮೋಸ ಏನಲ್ಲ, ಮಕ್ಕಳಿಗೆ ಅಭ್ಯಾಸ ಇರೋ ಕ್ರಮ.

ಆದ್ರೆ ಪದ ಗೊತ್ತಿದ್ರೂ ವಾಕ್ಯದಲ್ಲಿ ಕಾಲು ಸಿಕ್ಕಾಕೊಳ್ಳತ್ತೆ. ಈ ವಾಕ್ಯ ನೋಡಿ: ದ ಬ್ರಿಡ್ಜ್ ದ ವಿಲೇಜರ್ಸ್ ಬಿಲ್ಟ್ ಆಫ್ಟರ್ ದ ಫ್ಲಡ್ ವಾಸ್ ಕ್ಲೋಸ್ಡ್ ಲಾಸ್ಟ್ ಇಯರ್. ಒಂದು ಪದನೂ ಕಷ್ಟ ಇಲ್ಲ, ಎಲ್ಲಾ ಗಾವ್‌ಯೀ ಹುಡುಗನಿಗೂ ಗೊತ್ತು. ಆದ್ರೆ ನಾವು ಇದನ್ನ ಹೇಳೋದು ಹೇಗೆ? ಪ್ರವಾಹ ಆದ್ಮೇಲೆ ಹಳ್ಳಿಯವರು ಕಟ್ಟಿದ್ದ ಸೇತುವೆನ ಹೋದ್ವರ್ಷ ಮುಚ್ಚಿದ್ರು. ಸೇತುವೆ ಎಂಥದ್ದು ಅನ್ನೋ ವಿವರ ಪೂರ್ತಿ ಮೊದ್ಲು ಬಂದು ಆಮೇಲೆ ಸೇತುವೆ ಬರತ್ತೆ. ಚೀನೀ ಭಾಷೇಲೂ ಹೀಗೇ, ವಿವರ ಮುಂದೆ, ವಸ್ತು ಹಿಂದೆ. ಇಂಗ್ಲಿಷಲ್ಲಿ ಸೇತುವೆ ಮೊದ್ಲೇ ಬಂದು ಕೂತ್ಕೊಳ್ಳತ್ತೆ, ವಿವರ ಹಿಂದಿಂದ ನೇತಾಡತ್ತೆ, ಅಷ್ಟೊತ್ತಿಗೆ ಪದಪದಕ್ಕೂ ಮನಸ್ಸಲ್ಲೇ ಚೀನೀ ಮಾಡ್ಕೊಂಡು ಓದೋ ಹುಡುಗ ಪ್ರವಾಹವನ್ನೇ ಮುಚ್ಚಿಬಿಟ್ಟಿರ್ತಾನೆ. ಇಂಗ್ಲಿಷ್ ಮನೆಮಾತಾಗಿರೋ ಮೇಷ್ಟ್ರಿಗೆ ಇದರಲ್ಲಿ ಕಷ್ಟ ಏನಿದೆ ಅಂತ ಕಾಣಲ್ಲ, ಕನ್ನಡದೋರಿಗೆ ತಕ್ಷಣ ಕಾಣತ್ತೆ, ಇದು ನಮಗಿರೋ ಒಂದು ನಿಜವಾದ ಅಡ್ವಾಂಟೇಜ್. ಜೊತೆಗೆ ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂಗೆ ರೂಪ ಬದಲಾಯ್ಸಲ್ಲ, ಅದಕ್ಕೇ ಹ್ಯಾಡ್ ಬೀನ್, ವಾಸ್, ವುಡ್ ಹ್ಯಾವ್ ಇವೆಲ್ಲ ಸೇರಿ ಯಾವ್ದು ಮೊದ್ಲು ಆಯ್ತು ಯಾವ್ದು ಆಗ್ಲೇ ಇಲ್ಲ ಅಂತ ಹೇಳೋ ಕಡೆ ಮಕ್ಕಳು ಎಡವ್ತಾರೆ. ಅಂಥ ವಾಕ್ಯ ಪ್ಯಾಸೇಜಲ್ಲಿ ಎರಡು ಮೂರು ಇರ್ಲಿ, ಮೂರು ಘಟನೆ ಕೊಟ್ಟು ಆರ್ಡರ್ ಹಾಕೋಕೆ ಹೇಳಿ, ಅರ್ಥ ಆಗಿದ್ಯೋ ಇಲ್ವೋ ಅಲ್ಲೇ ಬಯಲಾಗತ್ತೆ.

ವಿಷಯದ ಬಗ್ಗೆ ಎರಡೂ ಕಡೆ ಹುಷಾರು. ಬೇಸ್‌ಬಾಲ್ ರೂಲ್ಸು, ಥ್ಯಾಂಕ್ಸ್‌ಗಿವಿಂಗ್ ಊಟ, ಮನೆ ಮುಂದೆ ಹಳೇ ಸಾಮಾನು ಮಾರೋದು ಇವೆಲ್ಲ ಹಾಕಿದ್ರೆ ನೀವು ಅಮೆರಿಕದ ಬದುಕಿನ ಪರೀಕ್ಷೆ ಮಾಡ್ತಿದೀರ ಅಷ್ಟೇ. ಹಂಗಂತ ಪಾಂಡಾ, ಟೀ, ರೇಷ್ಮೆ ದಾರಿ, ಹೈಸ್ಪೀಡ್ ರೈಲು ಹಾಕಿದ್ರೆ ಮಕ್ಕಳಿಗೆ ಉತ್ತರ ಮೊದ್ಲೇ ಗೊತ್ತು, ಓದೋದೇ ಬೇಡ. ಎರಡರ ಮಧ್ಯೆ ಒಂದು ಜಾಗ ಇದೆ, ವಿಷಯ ಯಾರಿಗಾದ್ರೂ ಅರ್ಥ ಆಗೋದಿರ್ಬೇಕು ಆದ್ರೆ ಮುಂದೇನಾಯ್ತು ಅಂತ ಊಹೆಗೆ ಸಿಗ್ಬಾರ್ದು. ಇನ್ನೊಂದು ಪ್ರಾಕ್ಟಿಕಲ್ ಮಾತು, ಹೆಸರಿರೋ ಇಂಗ್ಲಿಷ್ ಪತ್ರಿಕೆಗಳ ಚೆಂದದ ಲೇಖನ ಕಂಡ ತಕ್ಷಣ ಎತ್ಕೋಬೇಡಿ, ಅದು ಈಗಾಗ್ಲೇ ಯಾವ್ದೋ ವರ್ಕ್‌ಬುಕ್ಕಲ್ಲಿ ಇಲ್ಲಾ ಯಾವ್ದೋ ಊರಿನ ಮಾಕ್ ಟೆಸ್ಟಲ್ಲಿ ಬಂದಿರೋ ಚಾನ್ಸ್ ಬಹಳ ಜಾಸ್ತಿ. ನೀವೇ ಬರೀರಿ, ಇಲ್ಲಾ ಬೇರೆಯವರದ್ದನ್ನ ಗುರ್ತು ಸಿಗದಷ್ಟು ಬದಲಾಯ್ಸಿ.

4. ಪ್ರಶ್ನೆ ಬರೆಯೋದು, ಇಲ್ಲೇ ಟೈಮ್ ಹಾಕ್ಬೇಕು

ಒಂದು ಪ್ಯಾಸೇಜ್ ಇಟ್ಕೊಂಡೇ ಹೇಳ್ತೀನಿ. ನಾನೇ ಕಟ್ಟಿದ್ದು, ಸಾರಾಂಶ ಇಷ್ಟು: ಒಂದು ಊರಿನ ಹೋಟೆಲ್ ಟೆರೇಸ್ ಮೇಲೆ ಜೇನುಪೆಟ್ಟಿಗೆ ಇಡ್ತೀನಿ ಅಂತ ಒಬ್ಬ ಬರ್ತಾನೆ. ಮ್ಯಾನೇಜರ್ ಹೆಂಗಸಿಗೆ ಇಷ್ಟ ಇಲ್ಲ, ಗೆಸ್ಟ್‌ಗಳು ಗಲಾಟೆ ಮಾಡ್ತಾರೆ ಅಂತ ಭಯ, ಒಂದು ವರ್ಷ ನೋಡೋಣ ಅಂತ ಒಪ್ಕೋತಾಳೆ. ಗೆಸ್ಟ್‌ಗಳು ಯಾರೂ ಕಂಪ್ಲೇಂಟ್ ಮಾಡಲ್ಲ. ಆದ್ರೆ ಆ ವರ್ಷ ಹಿಂದಿನ ರಸ್ತೆ ಅಗಲ ಮಾಡೋಕೆ ಅಂತ ಸಾಲುಮರ ಕಡೀತಾರೆ, ಜೇನು ಎರಡೇ ಬಾಟ್ಲು ಸಿಗತ್ತೆ. ವರ್ಷ ಮುಗಿದಾಗ ಜೇನಿನೋನು ಬಂದು ಪೆಟ್ಟಿಗೆ ತಗೊಂಡು ಹೋಗ್ತೀನಿ ಅಂತಾನೆ. ಅವಳು ಕಿಟಕಿಯಾಚೆ ಹೊಸದಾಗಿ ನೆಟ್ಟಿರೋ ಸಸಿ ನೋಡ್ತಾ, ಇವು ಹೂ ಬಿಡೋಕೆ ಎಷ್ಟು ವರ್ಷ ಬೇಕು ಅಂತ ಕೇಳ್ತಾಳೆ. ಪ್ಯಾಸೇಜ್ ಅಲ್ಲಿಗೆ ಮುಗೀತು.

ಈಗ ಸೋಂಬೇರಿ ಪ್ರಶ್ನೆ ಹೇಗಿರತ್ತೆ ನೋಡಿ. ಈ ಪ್ಯಾಸೇಜಿಂದ ನಮಗೆ ಏನು ಗೊತ್ತಾಗತ್ತೆ? ಆಪ್ಷನ್ ಒಂದು, ಜೇನುಹುಳ ಅಪಾಯಕಾರಿ. ಎರಡು, ಹೋಟೆಲ್ ಬಿಸಿನೆಸ್ ಕಷ್ಟ. ಮೂರು, ಪ್ರಕೃತಿ ಮತ್ತು ನಗರ ಜೊತೆಜೊತೆಗೆ ಬದುಕೋಕೆ ತಾಳ್ಮೆ ಬೇಕು. ನಾಲ್ಕು, ಮ್ಯಾನೇಜರ್ ಜೇನನ್ನ ಯಾವತ್ತೂ ಇಷ್ಟಪಡಲ್ಲ. ಪ್ಯಾಸೇಜ್ ಓದದೇ ನೀವೂ ಮೂರನೇದು ಹಾಕಿದ್ರಿ ಅಲ್ವಾ? ಉದ್ದ ಇದೆ, ಒಳ್ಳೇ ಮಾತಾಡತ್ತೆ, ನಾಲ್ಕನೇದ್ರಲ್ಲಿ ಯಾವತ್ತೂ ಅನ್ನೋ ಪದ ಇದೆ ಅದು ಔಟ್. ಈ ಪ್ರಶ್ನೆ ಯಾವ ಮಗು ಓದಿದೆ ಅಂತ ಹೇಳೋದೇ ಇಲ್ಲ.

ಅದೇ ಜಾಗದಲ್ಲಿ ಹೀಗೆ ಕೇಳಿ: ಕೊನೇಲಿ ಅವಳು ಕೇಳಿದ ಪ್ರಶ್ನೆಯಿಂದ ಅವಳ ಮನಸ್ಸಲ್ಲಿ ಏನಿದೆ ಅಂತ ತಿಳಿಯತ್ತೆ? ಒಂದು, ಗೆಸ್ಟ್‌ಗಳು ಗಲಾಟೆ ಮಾಡ್ತಾರೆ ಅಂತ ಅಳುಕಿದೆ. ಎರಡು, ಪೆಟ್ಟಿಗೆ ಅಲ್ಲೇ ಇರ್ಲಿ ಅನ್ಸಿದೆ. ಮೂರು, ಜೇನು ಕಮ್ಮಿ ಬಂತಲ್ಲ ಅಂತ ಸಿಟ್ಟಿದೆ. ನಾಲ್ಕು, ಸಸಿ ನೆಟ್ಟಿದ್ದು ವ್ಯರ್ಥ ಅನ್ಸಿದೆ. ನಾಲ್ಕೂ ಹೆಚ್ಚುಕಮ್ಮಿ ಒಂದೇ ಉದ್ದ, ನಾಲ್ಕೂ ಮನುಷ್ಯರು ಯೋಚಿಸೋ ಥರದ್ದೇ. ಒಂದನೇದು ಪ್ಯಾಸೇಜಿನ ಶುರುವಿನಲ್ಲಿ ನಿಜ, ಕೊನೇಲಿ ಅಲ್ಲ, ಅರ್ಧ ಓದಿ ಬಿಟ್ಟೋನು ಅಲ್ಲಿಗೆ ಬೀಳ್ತಾನೆ. ಮೂರನೇದು ಎರಡು ಬಾಟ್ಲು ಅನ್ನೋದನ್ನ ಮಾತ್ರ ಹಿಡ್ಕೊಂಡೋನಿಗೆ. ಪ್ರತಿ ತಪ್ಪು ಆಪ್ಷನ್ನೂ ಒಂದೊಂದು ಥರದ ತಪ್ಪು ಓದಿಗೆ ಲೆಕ್ಕ ಕೊಡ್ಬೇಕು, ಹಂಗಿದ್ರೆ ಮಾತ್ರ ಆಮೇಲೆ ನೀವು ಯಾರು ಎಲ್ಲಿ ಜಾರಿದ್ರು ಅಂತ ಹೇಳೋಕಾಗತ್ತೆ. ಇಲ್ಲಿ ನಾನು ಪ್ರಕೃತಿ ಕಾಪಾಡೋದು ಎಲ್ಲರ ಕರ್ತವ್ಯ ಅಂತ ಅವಳಿಗೆ ಅರ್ಥ ಆಯ್ತು ಅನ್ನೋ ಆಪ್ಷನ್ನ ಬೇಕಂತ್ಲೇ ಬಲೆಯಾಗಿ ಇಡ್ಬಹುದಿತ್ತು, ಇಟ್ಟಿಲ್ಲ, ಯಾಕಂದ್ರೆ ಇಬ್ರು ಮೇಷ್ಟ್ರು ಕೂತು ವಾದ ಮಾಡಿದ್ರೆ ಅದೂ ಸರಿ ಅಂತ ಒಬ್ರು ಗೆಲ್ತಾರೆ. ವಾದಕ್ಕೆ ಬರೋ ಆಪ್ಷನ್ ಇಡ್ಬೇಡಿ.

ವಿವರ ಕೇಳೋ ಪ್ರಶ್ನೇಲಿ ಪ್ಯಾಸೇಜಿನ ಪದ ರಿಪೀಟ್ ಮಾಡ್ಬೇಡಿ. ಜೇನು ಯಾಕೆ ಕಮ್ಮಿ ಬಂತು ಅಂತ ಕೇಳಿ, ಉತ್ತರದಲ್ಲಿ ಮರ ಅನ್ನೋ ಪದ ಇಲ್ದೆ ಹುಳಗಳಿಗೆ ಹತ್ತಿರದಲ್ಲಿ ಮೇವು ಸಿಗ್ಲಿಲ್ಲ ಅಂತ ಹಾಕಿ. ಮರ ಕಡಿದ್ರು ಅನ್ನೋದಕ್ಕೂ ಮೇವು ಸಿಗ್ಲಿಲ್ಲ ಅನ್ನೋದಕ್ಕೂ ಮಧ್ಯ ಒಂದು ಹೆಜ್ಜೆ ಇದೆ, ಆ ಹೆಜ್ಜೆ ಇಟ್ಟೋನು ಓದಿದಾನೆ.

ಗೆರೆ ಎಳೆದ ಪದದ ಅರ್ಥ ಕೇಳೋ ಪ್ರಶ್ನೆ ಹಾಕೋದಾದ್ರೆ ಅರ್ಥಕ್ಕೆ ಸುಳಿವು ಆ ವಾಕ್ಯದ ಹಿಂದೆಮುಂದೆ ಇದ್ಯಾ ನೋಡ್ಕೊಳ್ಳಿ, ಇಲ್ದಿದ್ರೆ ಅದು ಪದ ಪರೀಕ್ಷೆ. ಟೈಟಲ್ ಆರಿಸೋ ಪ್ರಶ್ನೆ ಒಂದು ಪೇಪರಿಗೆ ಒಂದು ಸಾಕು. ಏಳರಲ್ಲಿ ಐದು ಥರದ್ದು ರಿಸರ್ಚಿಗೆ ನನಗಿಷ್ಟ ಇಲ್ಲ, ಒಂದು ವಾಕ್ಯ ತಪ್ಪು ಜಾಗಕ್ಕೆ ಹೋದ್ರೆ ಅದರ ನಿಜವಾದ ಜಾಗನೂ ಕೆಡತ್ತೆ, ಒಂದು ತಪ್ಪಿಗೆ ಎರಡು ಸಲ ಮಾರ್ಕ್ಸ್ ಹೋಗತ್ತೆ, ಲೆಕ್ಕ ಹಾಕೋವಾಗ ತಲೆನೋವು. ಪ್ಯಾರಾಗಳ ಜೋಡಣೆ ಅರ್ಥ ಆಗಿದ್ಯಾ ಅಂತ ಕ್ಲಾಸಲ್ಲಿ ನೋಡೋಕೆ ಮಾತ್ರ ಚೆನ್ನಾಗಿದೆ.

ಆಪ್ಷನ್ನೇ ಇಲ್ದಿರೋ ಒಂದೆರಡು ಪ್ರಶ್ನೆ ಇರ್ಲೇಬೇಕು, ಉತ್ತರ ಎರಡು ಸಾಲು, ಅದೂ ಚೀನೀಲಿ ಬರೀಬಹುದು ಅಂತ ಬಿಡಿ. ಇಂಗ್ಲಿಷ್ ಪರೀಕ್ಷೇಲಿ ಚೀನೀ ಉತ್ತರನಾ ಅಂತ ಅಲ್ಲಿನ ಮೇಷ್ಟ್ರು ಹುಬ್ಬೇರಿಸ್ತಾರೆ. ಆದ್ರೆ ನೀವು ಅಳೀತಿರೋದು ಓದನ್ನ, ಇಂಗ್ಲಿಷಲ್ಲಿ ಬರೀಬೇಕು ಅಂದ್ರೆ ಅರ್ಥ ಆಗಿದ್ರೂ ಬರೆಯೋಕೆ ಬರದೇ ಇರೋ ಮಗು ಸೋಲತ್ತೆ. ಮಾರ್ಕ್ಸ್ ಕೊಡೋಕೆ ಯಾವ ಅಂಶ ಇದ್ರೆ ಎಷ್ಟು ಅಂತ ಮೊದ್ಲೇ ಬರೆದಿಟ್ಕೊಳ್ಳಿ, ಇಬ್ರು ಬೇರೆಬೇರೆ ಕೂತು ತಿದ್ದಿ ಆಮೇಲೆ ಹೋಲಿಸಿ ನೋಡಿ.

5. ಪ್ಯಾಸೇಜ್ ಇಲ್ದೆ ಪೇಪರ್ ಕೊಟ್ಟು ನೋಡಿ

ಇದನ್ನ ಯಾರೂ ಮಾಡಲ್ಲ, ನೀವು ಮಾಡಿ. ನಿಮ್ಮ ಟೆಸ್ಟಿಗೆ ಕೂರದೇ ಇರೋ ಬೇರೆ ಸ್ಕೂಲಿನ ಮೂವತ್ತು ಮಕ್ಕಳಿಗೆ ಪ್ರಶ್ನೆ ಮತ್ತು ಆಪ್ಷನ್ ಮಾತ್ರ ಕೊಡಿ, ಪ್ಯಾಸೇಜ್ ಕೊಡ್ಬೇಡಿ, ಗೆಸ್ ಮಾಡಿ ಅಂತ ಹೇಳಿ. ಮೊದ್ಲು ನಗ್ತಾರೆ, ಆಮೇಲೆ ಸೀರಿಯಸ್ಸಾಗಿ ಕೂತು ಬರೀತಾರೆ. ನಾಲ್ಕು ಆಪ್ಷನ್ ಇದ್ದಾಗ ಸುಮ್ನೆ ಕಣ್ಮುಚ್ಚಿ ಹಾಕಿದ್ರೂ ಮೂವತ್ತರಲ್ಲಿ ಏಳೆಂಟು ಜನಕ್ಕೆ ಸರಿ ಬರತ್ತೆ. ಹದಿನೈದು ಜನಕ್ಕೆ ಸರಿ ಬಂತು ಅಂದ್ರೆ ಆ ಪ್ರಶ್ನೆ ಸೋರ್ತಿದೆ, ವಾಪಸ್ ಬರೀರಿ. ಹದಿನೈದು ಪ್ರಶ್ನೆಯ ಗಾವ್‌ಕಾವ್ ಮಾದರಿ ಪೇಪರಲ್ಲಿ ಬರೀ ಗೆಸ್ಸಿಗೆ ಸರಾಸರಿ ಮೂರೂ ಮುಕ್ಕಾಲು ಪ್ರಶ್ನೆ, ಅಂದ್ರೆ 37.5ಕ್ಕೆ ಒಂಬತ್ತು ಚಿಲ್ರೆ ಮಾರ್ಕ್ಸ್ ಬರತ್ತೆ. ಹಂಗಾಗಿ ಅಂಥ ಪೇಪರಲ್ಲಿ ಸೊನ್ನೆ ಅಂದ್ರೆ ಸೊನ್ನೆ ಅಲ್ಲ, ಒಂಬತ್ತು. ಹತ್ತು ಮಾರ್ಕ್ಸ್ ತಗೊಂಡ ಮಗುಗೆ ಸ್ವಲ್ಪ ಅರ್ಥ ಆಗಿದೆ ಅಂತ ಬರೆಯೋ ಮುಂಚೆ ಇದು ನೆನಪಿರ್ಲಿ.

6. ಟೆಸ್ಟ್ ನಡೆಸೋ ದಿನ

ಯಾವಾಗ ಅನ್ನೋದು ಮುಖ್ಯ. ಗಾವ್‌ಸಾನ್ ಮಕ್ಕಳನ್ನ ಮುಟ್ಬೇಡಿ, ಅವರಿಗೆ ತಿಂಗಳ ಟೆಸ್ಟು, ಮೊದಲ ಮಾಕು, ಎರಡನೇ ಮಾಕು ಅಂತ ಉಸಿರಾಡೋಕೆ ಟೈಮಿಲ್ಲ, ಯಾವ ಹೆಡ್‌ಮಾಸ್ಟ್ರೂ ಒಪ್ಪಲ್ಲ. ಗಾವ್‌ಯೀ ಮಕ್ಕಳಿಗೆ ವರ್ಷದ ಶುರುವಲ್ಲಿ ಮಿಲಿಟರಿ ಟ್ರೈನಿಂಗ್ ಇರತ್ತೆ, ಸುಸ್ತಾಗಿರ್ತಾರೆ. ಗಾವ್‌ಅರ್, ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆ ಮುಗಿದ್ಮೇಲೆ, ಮಿಡ್‌ಟರ್ಮಿಗೆ ಮುಂಚೆ, ಬೆಳಗಿನ ಪೀರಿಯಡ್. ರಾತ್ರಿ ಸೆಲ್ಫ್ ಸ್ಟಡಿ ಟೈಮ್ ಕೊಡ್ತೀವಿ ಅಂದ್ರೆ ಬೇಡ ಅನ್ನಿ, ಆಗ ಅಳೆಯೋದು ಓದಲ್ಲ, ನಿದ್ದೆ.

ಪರ್ಮಿಷನ್‌ಗೆ ಹೆಡ್ ಜೊತೆಗೆ ಕ್ಲಾಸ್ ಟೀಚರ್ ಹತ್ರನೂ ಮಾತಾಡಿ, ಅಲ್ಲಿ ಕ್ಲಾಸ್ ಟೀಚರೇ ಆ ಮಕ್ಕಳಿಗೆ ಅಪ್ಪ ಅಮ್ಮ ಎಲ್ಲ. ಹೆಸರು ಬರಿಸ್ಕೋಬೇಡಿ, ನಂಬರ್ ಕೊಡಿ. 2021ರ ನವೆಂಬರ್ 1ರಿಂದ ಚೀನಾದಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆ ಕಾನೂನು ಜಾರಿಲಿದೆ, ಮಕ್ಕಳ ಹೆಸರಿರೋ ಶೀಟ್ ಇಂಡಿಯಾಗೆ ಮೇಲ್ ಮಾಡ್ಕೊಂಡು ಸಿಕ್ಕಾಕೋಬೇಡಿ. ಪೋಷಕರ ಒಪ್ಪಿಗೆ ಪತ್ರ ಚೀನೀಲಿ ಬರೆಸಿ.

ಇಲ್ಲಿಂದ ಗೂಗಲ್ ಫಾರ್ಮ್ ಕಳಿಸ್ತೀನಿ ಅನ್ನೋರಿಗೆ, ಅಲ್ಲಿ ಅದು ಓಪನ್ನೇ ಆಗಲ್ಲ. ಅಲ್ಲಿನೋರು ವೆನ್‌ಜುವಾನ್‌ಶಿಂಗ್ ಅನ್ನೋ ಸರ್ವೆ ಸೈಟ್ ಬಳಸ್ತಾರೆ, ಅಲ್ಲಿನ ಮೆಸೇಜ್ ಆ್ಯಪ್ ವೀಚಾಟಲ್ಲೇ ತೆರ್ಕೊಳ್ಳತ್ತೆ. ಆದ್ರೆ ಸ್ಕೂಲಲ್ಲಿ ಫೋನಿಗೆ ಕಟ್ಟುನಿಟ್ಟು, ಮನೇಲಿ ಕೂತು ಬರೆದ್ರೆ ಡಿಕ್ಷನರಿ ಆ್ಯಪ್ ಪಕ್ಕದಲ್ಲೇ, ಅದಕ್ಕೇ ಪೇಪರೇ ಬೆಸ್ಟ್. 2ಬಿ ಪೆನ್ಸಿಲಲ್ಲಿ ಆನ್ಸರ್ ಕಾರ್ಡ್ ತುಂಬೋದು ಅವರಿಗೆ ನೀರು ಕುಡಿದಷ್ಟು ಸಲೀಸು.

ಒಂದು ಪೀರಿಯಡ್ 40 ಇಲ್ಲಾ 45 ನಿಮಿಷ. ಮೂರು ಪ್ಯಾಸೇಜ್, ಹನ್ನೆರಡು ಪ್ರಶ್ನೆ, ಮೂವತ್ತು ನಿಮಿಷ, ಉಳಿದಿದ್ದು ಪೇಪರ್ ಹಂಚೋಕೆ, ಸೂಚನೆ ಹೇಳೋಕೆ, ಎಣಿಸಿ ವಾಪಸ್ ತಗೊಳ್ಳೋಕೆ. ಸೂಚನೆ ಚೀನೀಲಿರ್ಲಿ. ಪಕ್ಕದ ಕ್ಲಾಸಿಗೂ ಅದೇ ಪೇಪರ್ ಅಂದ್ರೆ ಅದೇ ಪೀರಿಯಡಲ್ಲಿ ಕೊಡಿ, ಹತ್ತು ನಿಮಿಷದ ಬ್ರೇಕಲ್ಲಿ ಪೂರ್ತಿ ಪೇಪರ್ ಕಾರಿಡಾರಲ್ಲಿ ಹರಡಿರತ್ತೆ. ಕ್ಲಾಸ್ ಆರಿಸೋವಾಗ ಕೇಳಿ ತಿಳ್ಕೊಳ್ಳಿ, ಬಹಳ ಸ್ಕೂಲಲ್ಲಿ ಬುದ್ಧಿವಂತರ ಕ್ಲಾಸ್ ಬೇರೆ, ಸಾಮಾನ್ಯರ ಕ್ಲಾಸ್ ಬೇರೆ ಇರತ್ತೆ, ನಿಮಗೆ ತೋರಿಸೋಕೆ ಬುದ್ಧಿವಂತರ ಕ್ಲಾಸನ್ನೇ ಮುಂದೆ ತಳ್ತಾರೆ.

7. ಮಾರ್ಕ್ಸ್ ಬಂದ್ಮೇಲೆ

ಸರಾಸರಿ ಹಾಕಿ ಮುಗಿಸ್ಬೇಡಿ, ಒಂದೊಂದು ಪ್ರಶ್ನೆನೂ ನೋಡಿ. 50 ಮಕ್ಕಳು ಬರೆದ್ರು ಅಂದ್ಕೊಳ್ಳಿ. ಒಂದು ಪ್ರಶ್ನೆಗೆ 29 ಜನ ಸರಿ, ಅಂದ್ರೆ 0.58, ಕಷ್ಟಕ್ಕೂ ಸುಲಭಕ್ಕೂ ಮಧ್ಯ, ಒಳ್ಳೇದು. ಈಗ ಒಟ್ಟು ಮಾರ್ಕ್ಸಲ್ಲಿ ಮೇಲಿನ ನೂರಕ್ಕೆ 27 ಭಾಗ, ಕೆಳಗಿನ ನೂರಕ್ಕೆ 27 ಭಾಗ ತಗೊಳ್ಳಿ, ಇಲ್ಲಿ ತಲಾ 13 ಮಕ್ಕಳು. ಮೇಲಿನವರಲ್ಲಿ 11 ಜನ ಸರಿ, ಕೆಳಗಿನವರಲ್ಲಿ 5 ಜನ ಸರಿ ಅಂದ್ರೆ ವ್ಯತ್ಯಾಸ 6, 13ರಿಂದ ಭಾಗಿಸಿದ್ರೆ 0.46. ಈ ಪ್ರಶ್ನೆ ಓದಿದೋರನ್ನೂ ಓದದೋರನ್ನೂ ಚೆನ್ನಾಗಿ ಬೇರೆ ಮಾಡ್ತಿದೆ. 0.2ಕ್ಕಿಂತ ಕೆಳಗೆ ಬಂದ್ರೆ ಡೌಟ್, ಮೈನಸ್ ಬಂದ್ರೆ ಕೀ ಆನ್ಸರೇ ತಪ್ಪಿರ್ಬಹುದು, ಮೊದ್ಲು ಅದನ್ನ ಚೆಕ್ ಮಾಡಿ. ಯಾವ ಆಪ್ಷನ್ನ ಒಬ್ರೂ ಹಾಕಿಲ್ವೋ ಅದು ಸತ್ತ ಆಪ್ಷನ್, ನಾಲ್ಕರ ಪ್ರಶ್ನೆ ಮೂರರದ್ದಾಯ್ತು. ಎಕ್ಸೆಲ್ ಸಾಕು ಇದಕ್ಕೆಲ್ಲ. ಆಮೇಲೆ ಹನ್ನೆರಡು ಪ್ರಶ್ನೇಲಿ ಎಂಟು ತಗೊಂಡೋನಿಗಿಂತ ಒಂಬತ್ತು ತಗೊಂಡೋಳು ಚೆನ್ನಾಗಿ ಓದ್ತಾಳೆ ಅಂತ ಹೇಳೋಕಾಗಲ್ಲ, ಇಷ್ಟು ಚಿಕ್ಕ ಟೆಸ್ಟಲ್ಲಿ ಒಂದು ಪ್ರಶ್ನೆಯ ವ್ಯತ್ಯಾಸ ಅದೃಷ್ಟದ್ದು.

ಪೇಪರ್ ಕಷ್ಟ ಆಗೋಯ್ತು ಅಂತ ಗೊತ್ತಾದ್ಮೇಲೆ ಕೆಲವು ಭಾಗಕ್ಕೆ ಮಾತ್ರ ಮಾರ್ಕ್ಸ್ ಏರಿಸೋ ಆಸೆ ಬರತ್ತೆ, ದಯವಿಟ್ಟು ಬೇಡ. ಇದನ್ನ ದೊಡ್ಡವರೇ ಮಾಡಿ ಕೈ ಸುಟ್ಕೊಂಡಿದಾರೆ. ಝೆಜಿಯಾಂಗ್ ಪ್ರಾಂತ್ಯದಲ್ಲಿ ಇಂಗ್ಲಿಷ್ ಪರೀಕ್ಷೆ ಜೂನಲ್ಲದೆ ಇನ್ನೊಂದ್ಸಲನೂ ನಡೆಯತ್ತೆ, 2018ರ ನವೆಂಬರಲ್ಲಿ ಅಲ್ಲಿನ ಗಾವ್‌ಕಾವ್ ಇಂಗ್ಲಿಷ್ ಪೇಪರ್ ಹಿಂದಿನ ವರ್ಷಕ್ಕಿಂತ ಕಷ್ಟ ಆಯ್ತು ಅಂತ ಓದಿನ ಭಾಗದ ಕೆಲವು ಪ್ರಶ್ನೆಗೆ, ಆಮೇಲೆ ಬರವಣಿಗೆ ಭಾಗದ ಕೆಲವು ಪ್ರಶ್ನೆಗೆ ಹೆಚ್ಚು ತೂಕ ಕೊಟ್ಟು ಅಂಕ ಹೊಂದಿಸಿದ್ರು. ಆ ಪ್ರಶ್ನೆ ತಪ್ಪಾದೋರಿಗೆ ಏನೂ ಸಿಗ್ಲಿಲ್ಲ, ಬೇರೆ ಕಡೆ ಚೆನ್ನಾಗಿ ಮಾಡಿದೋರು ಹಿಂದೆ ಬಿದ್ರು, ಪೋಷಕರು ಸಿಡಿದೆದ್ರು. ಡಿಸೆಂಬರ್ ಮೊದಲ ವಾರದಲ್ಲೇ ತನಿಖೆ ನಡೆದು ಅದು ತಪ್ಪು ನಿರ್ಧಾರ ಅಂತ ಪ್ರಾಂತ್ಯ ಸರ್ಕಾರ ಒಪ್ಕೊಂಡು ಮೂಲ ಅಂಕನೇ ವಾಪಸ್ ಕೊಡ್ತು, ಅಧಿಕಾರಿಗಳ ಮೇಲೆ ಕ್ರಮನೂ ಆಯ್ತು. ನಿಮ್ಮ ಪೇಪರಲ್ಲಿ ಪ್ರಶ್ನೆ ಕೆಟ್ಟದಿದ್ರೆ ಪೂರ್ತಿ ತೆಗೀರಿ, ಎಲ್ಲರಿಗೂ ಒಂದೇ ರೂಲ್, ಯಾಕೆ ತೆಗೆದ್ರಿ ಅಂತ ರಿಪೋರ್ಟಲ್ಲಿ ಬರೀರಿ.

8. ಕೆಲವು ಮಕ್ಕಳ ಜೊತೆ ಕೂತು ಮಾತಾಡಿ

ಮೇಲಿನವರಲ್ಲಿ ಇಬ್ರು, ಮಧ್ಯ ಇಬ್ರು, ಕೆಳಗೆ ಇಬ್ರು, ಒಬ್ಬೊಬ್ರನ್ನೇ ಕರೀರಿ, ಅದೇ ದಿನ ಇಲ್ಲಾ ಮಾರನೇ ದಿನ, ಜಾಸ್ತಿ ದಿನ ಬಿಟ್ರೆ ಮರೀತಾರೆ. ಭಾಷೆ ಚೀನೀ, ನಿಮಗೆ ಬರದಿದ್ರೆ ಅಲ್ಲಿನ ಯಾರಾದ್ರೂ ಜೊತೇಲಿ ಕೂರ್ಲಿ, ಆದ್ರೆ ಅವರ ಕ್ಲಾಸ್ ಟೀಚರ್ ಬೇಡ, ಹುಡುಗ್ರು ಬಾಯೇ ಬಿಡಲ್ಲ. ಪೇಪರ್ ಮುಂದಿಟ್ಟು ಈ ಆಪ್ಷನ್ ಯಾಕೆ ಹಾಕಿದೆ ಅಂತ ಮಾತ್ರ ಕೇಳಿ, ಸರಿನಾ ತಪ್ಪಾ ಅಂತ ಮುಖದಲ್ಲೂ ತೋರಿಸ್ಬೇಡಿ. ಸರಿ ಉತ್ತರ ಹಾಕಿದೋನು ಮಿಕ್ಕ ಮೂರು ವಿಚಿತ್ರ ಅನ್ನಿಸ್ತು ಅಂದ್ರೆ ಅದು ಓದಲ್ಲ, ಎಲಿಮಿನೇಷನ್. ತಪ್ಪು ಹಾಕಿದೋಳು ಪ್ಯಾಸೇಜಿನ ಸಾಲು ತೋರಿಸಿ ಕಾರಣ ಕೊಟ್ರೆ ಒಂದ್ಸಲ ನಿಮ್ಮ ಕೀ ಆನ್ಸರನ್ನೇ ಮತ್ತೆ ನೋಡಿ. ಈ ಆರು ಜನದ ಮಾತಿಂದ ಗೊತ್ತಾಗೋದು 50 ಜನದ ಮಾರ್ಕ್ಸ್ ಶೀಟಿಂದ ಗೊತ್ತಾಗಲ್ಲ, ರಿಪೋರ್ಟಲ್ಲಿ ಇದಕ್ಕೆ ಜಾಗ ಜಾಸ್ತಿ ಕೊಡಿ.

ಕ್ಲಾಸ್ ಟೀಚರ್ ಕೊನೇಲಿ ರ್‍ಯಾಂಕ್ ಲಿಸ್ಟ್ ಕೇಳೇ ಕೇಳ್ತಾರೆ. ನಂಬರ್ ಮಾತ್ರ ಇದೆ, ಹೆಸರಿಲ್ಲ ಅಂತ ನೆನಪಿಸಿ. ಬದಲಿಗೆ ಯಾವ ಪ್ರಶ್ನೇಲಿ ಎಷ್ಟು ಮಕ್ಕಳು ಯಾವ ತಪ್ಪು ಆಪ್ಷನ್ನಿಗೆ ಬಿದ್ರು, ಆ ಆಪ್ಷನ್ ಯಾವ ಥರದ ತಪ್ಪು ಓದಿಗೆ ಲೆಕ್ಕ ಅನ್ನೋ ಒಂದು ಪುಟದ ಶೀಟ್ ಚೀನೀಲಿ ಮಾಡಿ ಕೊಡಿ, ಸೋಮವಾರದ ಪಾಠಕ್ಕೆ ಅವರಿಗೆ ನೇರ ಉಪಯೋಗಕ್ಕೆ ಬರತ್ತೆ, ಮುಂದಿನ ಸಲ ಪರ್ಮಿಷನ್ ಕೇಳೋಕೆ ಹೋದಾಗ ಬಾಗ್ಲು ಬೇಗ ತೆಗೀತಾರೆ.